ಎರಡನೆಯ ಕೈ

“ಗುರುಗಳೇ, ನೊಂದವರ ಮನಸ್ಸು ಉಳಿಸಲು ಒಂದು ಸುಳ್ಳು ಹೇಳಿದರೆ ತಪ್ಪೇ?” ಎಂದು ಶಿಷ್ಯ ಕೇಳಿದ.

“ಎಷ್ಟು ದೊಡ್ಡ ಸುಳ್ಳು?” ಎಂದರು ಗುರು.

“ಚಿಕ್ಕದು. ಅದರಿಂದ ಯಾರಿಗೂ ಕೇಡಿಲ್ಲ.”

“ಅಂಥದ್ದೊಂದು ನನಗೆ ಗೊತ್ತು. ಕೂತುಕೋ” ಎಂದು ಗುರು ಹೇಳತೊಡಗಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇದ್ದರು. ಬಾವಿಯ ಹೂಳು ತೆಗೆಯುವುದು ಅವರ ಕಸುಬು. ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿಯುತ್ತಿದ್ದ. ಅಣ್ಣ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಅಣ್ಣನ ಬಲಗೈಯದು ಉಡದ ಪಟ್ಟು. ಅವನು ಹಿಡಿದ ಹಗ್ಗ ಒಂದು ಸಲವೂ ಜಾರಿದ್ದಿಲ್ಲ.

ಆ ಕಸುಬಿನವರಲ್ಲಿ ಒಂದು ಕಟ್ಟು ಇತ್ತು. ಇಳಿಯುವವನು ಇಳಿಯುವ ಮೊದಲು ಮೇಲಿನವನ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು. ಆ ಕೈಯ ಮೇಲೆ ಅನುಮಾನ ಬಂದರೆ ಆಗಲೇ ಬಾಯಿಬಿಟ್ಟು ಹೇಳಿ, ಇಳಿಯದೆ ನಿಲ್ಲಬೇಕು. ಹೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಕಣ್ಣಿಗೊತ್ತಿಕೊಂಡ ಮೇಲೆ ಅನುಮಾನದ ಮಾತು ಆಡುವಂತಿಲ್ಲ.

ಒಂದು ಬೆಳಿಗ್ಗೆ ಅಣ್ಣನಿಗೆ ಲಕ್ವ ಹೊಡೆಯಿತು. ತಿಂಗಳಲ್ಲಿ ಕಾಲು ನೆಟ್ಟಗಾಯಿತು. ಮಾತೂ ಬಂತು. ಬಲಗೈ ಬರಲಿಲ್ಲ. ಬೆರಳುಗಳು ಅಲುಗುತ್ತಿದ್ದವು, ಮುಷ್ಟಿ ಕಟ್ಟುತ್ತಿರಲಿಲ್ಲ. ಬೆರಳು ಆಡಿಸುತ್ತಲೇ ಇರಬೇಕೆಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಅಣ್ಣ ಅದನ್ನು ಎಡಗೈಯಿಂದ ಬೀದಿಗೆ ಎಸೆದ. ಗೋಡೆಗೆ ಮುಖ ಮಾಡಿ ಮಲಗಿದ. ಹೆಂಡತಿ ತುತ್ತು ಮಾಡಿ ಬಾಯಿಗೆ ಹಿಡಿದರೆ, “ನನಗ್ಯಾಕೆ ದಂಡಕ್ಕೆ? ನಾಯಿಗೆ ಹಾಕು, ಮನೆಯಾದ್ರೂ ಕಾಯುತ್ತೆ” ಎನ್ನುತ್ತಿದ್ದ. ಹೀಗೆ ಐದು ತಿಂಗಳು ಹೋಯಿತು. ಅಣ್ಣ ಸಾಯಲು ತೀರ್ಮಾನ ಮಾಡಿ ಮಲಗಿದ್ದಾನೆ ಎಂದು ತಮ್ಮನಿಗೆ ಅರ್ಥವಾಯಿತು.

ತಮ್ಮ ಒಬ್ಬ ಕೂಲಿಯವನನ್ನು ಹಗ್ಗಕ್ಕೆ ನಿಲ್ಲಿಸಿಕೊಂಡು ಕಸುಬು ನಡೆಸುತ್ತಿದ್ದ. ಒಂದು ಮನೆಯ ಬಾವಿ ತೊಳೆದ ದಿನ ಆ ಮನೆಯಾಕೆ ಅಟ್ಟದಿಂದ ಒಂದು ವಿಡಿಯೋ ಗೇಮ್ ಪೆಟ್ಟಿಗೆ ಇಳಿಸಿ ಕೊಟ್ಟಳು. “ನಮ್ಮ ಮಕ್ಕಳು ದೊಡ್ಡೋರಾದ್ರು. ಇದು ಧೂಳು ತಿಂತಾ ಕೂತಿದೆ. ಬೇಕಾದ್ರೆ ಆಡು, ಬೇಡಾಂದ್ರೆ ಗುಜರಿಗೆ ಹಾಕು.” ಪೆಟ್ಟಿಗೆಯ ಜೊತೆ ಒಂದು ಕ್ಯಾಸೆಟ್ಟು, ಒಂದಿಷ್ಟು ವೈರು, ಗುಂಡಿಗಳಿದ್ದ ಎರಡು ಹಿಡಿಗಳಿದ್ದವು. ಗುಂಡಿಗಳ ಮೇಲೆ ಬೆರಳು ಹೇಗೆ ಓಡಬೇಕೆಂದು ಆಕೆ ಆಡಿಸಿ ತೋರಿಸಿದಳು. ತಮ್ಮನಿಗೆ ಬೀದಿಗೆ ಬಿದ್ದ ರಬ್ಬರ್ ಚೆಂಡು ನೆನಪಾಯಿತು. ಹೊತ್ತು ತಂದ.

ಅತ್ತಿಗೆ ಬಾಗಿಲಲ್ಲೇ ತಡೆದಳು. “ಇಷ್ಟು ದಿನ ಮೈತುಂಬ ಕೆಸರು ತರ್ತಿದ್ದೆ. ಈಗ ಗುಜರಿ ತರೋಕೆ ಶುರು ಮಾಡಿದ್ಯಾ?” ಆಮೇಲೆ ಬಗ್ಗಿ ನೋಡಿ, “ಒಂದು ಹೊಟ್ಟೆ, ಎರಡು ಕೈ. ಇದರ ತಲೆ ಎಲ್ಲಪ್ಪ?” ಎಂದಳು. ಅಂದಿನಿಂದ ಆ ಹಿಡಿಗಳಿಗೆ ಆ ಮನೆಯಲ್ಲಿ ಕೈ ಎಂದೇ ಹೆಸರಾಯಿತು.

ತಮ್ಮ ಕಲ್ಲು ಹಾಕಿ ಸದ್ದಿನಲ್ಲೇ ಬಾವಿಯ ಆಳ ಹೇಳುವವನು. ಟೀವಿಯ ಬೆನ್ನು ನೋಡಿದ್ದು ಅದೇ ಮೊದಲು. ಹಳದಿ ಪಿನ್ನನ್ನು ಬಿಳಿಯ ತೂತಿಗೆ ಸಿಕ್ಕಿಸಿದ. ಟೀವಿ ಗುರ್ರೆಂದಿತು. ಅತ್ತಿಗೆ ಹೆದರಿ ಓಡಿಹೋಗಿ ಮೈನ್ ಆಫ್ ಮಾಡಿದಳು. ಪಿನ್ನು ಬದಲಾಯಿಸಿದ. ಪರದೆ ನೀಲಿಯಾಗಿ ನಿಂತಿತು. ಕ್ಯಾಸೆಟ್ಟು ಕಿತ್ತು, ಊದಿ, ಮತ್ತೆ ಒತ್ತಿದ. ಮಧ್ಯಾಹ್ನ ಪೂರ್ತಿ ಹೀಗೇ ಕಳೆಯಿತು. ಕಡೆಗೆ ಪರದೆಯ ಮೇಲೆ ಇಬ್ಬರು ಸಿಪಾಯಿಗಳು ಬಂದು ನಿಂತರು.

ಇಬ್ಬರೂ ಸೇರಿ ಒಂದು ಬೆಟ್ಟ ದಾಟಬೇಕು. ದಾರಿಯುದ್ದಕ್ಕೂ ಕಂದಕಗಳು. ಒಬ್ಬ ಬಿದ್ದರೆ ಇನ್ನೊಬ್ಬ ಬಗ್ಗಿ ಎತ್ತಬೇಕು. ಆಟ ಇಷ್ಟೇ. ಮೊದಲನೆಯ ಕೈ ಒತ್ತಿದರೆ ಮೊದಲನೆಯ ಸಿಪಾಯಿ ನಡೆದ. ಎರಡನೆಯ ಕೈ ಒತ್ತಿದರೆ ಏನೂ ಆಗಲಿಲ್ಲ. ಅದು ಒಳಗೇ ಕೆಟ್ಟಿತ್ತು. ತಮ್ಮ ಅದನ್ನು ನೆಲದ ಮೇಲಿಟ್ಟು ತಾನೊಬ್ಬನೇ ಆಡಿದ. ಎರಡನೆಯ ಸಿಪಾಯಿ ತಾನಾಗಿ ಹಿಂದೆ ಬಂದ. ಕಂದಕ ಬಂದಾಗ ತಾನಾಗಿ ಹಾರಿದ. ನಡೆಸುವವರು ಇಲ್ಲದಿದ್ದರೆ ಪೆಟ್ಟಿಗೆಯೇ ಅವನನ್ನು ನಡೆಸುತ್ತಿತ್ತು.

ಕೆಲಸ ಮಾಡುವ ಕೈಯನ್ನು ಅಣ್ಣನಿಗೆ ಕೊಡೋಣವೆಂದು ತಮ್ಮ ತಿರುಗಿದ. ಅಣ್ಣ ಆಗಲೇ ಗೋಡೆ ಬಿಟ್ಟು ಇತ್ತ ಹೊರಳಿದ್ದ. ನೆಲದ ಮೇಲಿದ್ದ ಎರಡನೆಯ ಕೈಯನ್ನು ಎಡಗೈಯಿಂದ ಎಳೆದುಕೊಂಡು ಬಲಗೈಯ ಒಳಗೆ ಇಟ್ಟುಕೊಂಡಿದ್ದ. ಹೆಬ್ಬೆರಳನ್ನು ಗುಂಡಿಯ ಮೇಲೆ ಊರಿ ಒತ್ತಿದ. ಅದೇ ಹೊತ್ತಿಗೆ ಎರಡನೆಯ ಸಿಪಾಯಿ ಹಾರಿದ.

“ಲೋ! ನನ್ನ ಮಾತು ಕೇಳ್ತಾನೆ ಕಣೋ ಇವ್ನು!” ಎಂದ ಅಣ್ಣ.

ತಮ್ಮ ಬಾಯಿ ತೆರೆದ. ಅಣ್ಣ ನಗುತ್ತಿದ್ದ. ತಮ್ಮ ಬಾಯಿ ಮುಚ್ಚಿದ. ಸುಳ್ಳು ಅಷ್ಟೇ. ಅದರಲ್ಲಿ ಒಂದು ಮಾತೂ ಇರಲಿಲ್ಲ.

ಮಾರನೆಯ ದಿನ ತಮ್ಮ ಸದ್ದಿಲ್ಲದೆ ಕೈಗಳನ್ನು ಅದಲುಬದಲು ಮಾಡಿದ. ಅಣ್ಣನ ಬೆರಳು ನಿಧಾನ. ಅವನ ಸಿಪಾಯಿ ಮೊದಲನೆಯ ಕಂದಕದಲ್ಲೇ ಬಿದ್ದ. ಮತ್ತೆ ಬಿದ್ದ. ಅಣ್ಣನ ಮುಖ ಕಪ್ಪಿಟ್ಟಿತು. “ಈ ಕೈ ಕೆಟ್ಟಿದೆ ಕಣೋ. ನನ್ನದು ನನಗೆ ಕೊಡು” ಎಂದ. ತಮ್ಮ ಕೆಟ್ಟದ್ದನ್ನು ತಿರುಗಿ ಕೊಟ್ಟ. ಸಿಪಾಯಿ ಹಾರಿದ. ಅಣ್ಣನ ಮುಖ ತಿಳಿಯಾಯಿತು.

ಇನ್ನೊಂದು ದಿನ ಅಣ್ಣನೇ ಕೇಳಿದ. “ಅಲ್ವೋ, ನಾನು ಒತ್ತೋಕೆ ಮುಂಚೇನೇ ಹಾರ್ತಾನಲ್ಲ ಇವ್ನು?”

“ಪಳಗಿದ ಕೈ ಅಲ್ವಾ ಅಣ್ಣ ನಿಂದು. ನೀನು ಮನಸ್ಸಲ್ಲಿ ಅಂದ್ಕೊಂಡ್ರೆ ಸಾಕು, ಅದಕ್ಕೆ ಗೊತ್ತಾಗಿಬಿಡುತ್ತೆ” ಎಂದ ತಮ್ಮ.

ಈ ಸಲ ಸುಳ್ಳಿಗೆ ಮಾತು ಬಂದಿತ್ತು.

ಅದರಿಂದ ಆದ ಒಳ್ಳೆಯದನ್ನೂ ಹೇಳಬೇಕು. ಅಣ್ಣ ಎದ್ದು ಕೂತ. ಊಟ ಕೇಳಿದ. ಕ್ಷೌರ ಮಾಡಿಸಿಕೊಂಡ. ಬೆರಳ ಸಂದಿಯಲ್ಲಿ ಬೀಡಿ ನಿಲ್ಲುವಷ್ಟಾಯಿತು. ಹೆಂಡತಿಯನ್ನು ರೇಗಿಸಿದ. “ನೀನೂ ಬಂದು ಆಡೇ. ಬಿದ್ರೆ ಎತ್ತೋಕೆ ನಾನಿದ್ದೀನಿ.” ಅವಳು ಒಲೆಯ ಮುಂದೆ ಕೂತು ಸೆರಗು ಬಾಯಿಗಿಟ್ಟು ಅತ್ತಳು. ಸಂತೋಷಕ್ಕೆ ಅತ್ತಳು.

ತಮ್ಮ ಚಹದಂಗಡಿಯಲ್ಲಿ ಹೇಳಿದ: “ನಮ್ಮಣ್ಣನ ಕೈ ಬಂತು.” ಊರವರು ನೋಡಲು ಬಂದರು. ಚಾಪೆ ತುಂಬ ಕೂತರು. ಎರಡನೆಯ ಸಿಪಾಯಿ ಹಾರಿದಾಗಲೆಲ್ಲ ಹೋ ಎಂದರು. ಬಂದವರೆಲ್ಲ ಟೀವಿ ನೋಡಿದರು. ಕೈಯನ್ನು ಯಾರೂ ನೋಡಲಿಲ್ಲ.

ಬೇಸಿಗೆ ಬಂತು. ಪಕ್ಕದ ಊರಿನಿಂದ ಬಾವಿಯ ಕೆಲಸಕ್ಕೆ ಕರೆ ಬಂತು. ತಮ್ಮ ಹೊರಟಾಗ ಅಣ್ಣ ಮಾಳಿಗೆಯ ಮೇಲೆ ಒಣಹಾಕಿದ್ದ ಹಗ್ಗವನ್ನು ಸುತ್ತಿ ಎಡಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದು ಬಂದ. ತಲೆಗೆ ರುಮಾಲು ಸುತ್ತಿದ್ದ.

“ಇವತ್ತು ಹಗ್ಗಕ್ಕೆ ನಾನು” ಎಂದ.

“ಬಿಸಿಲು ಜಾಸ್ತಿ ಅಣ್ಣ. ಇನ್ನೊಂದು ತಿಂಗಳು ಹೋಗಲಿ.”

“ಆಟದಲ್ಲಿ ದಿನಕ್ಕೆ ಹತ್ತು ಸಲ ಬೀಳ್ತೀಯ. ಹತ್ತು ಸಲಾನೂ ಎತ್ತೋನು ಯಾರೋ? ನಡಿ, ನಡಿ.”

ಬಾವಿಕಟ್ಟೆಯ ಹತ್ತಿರ ಕೂಲಿಯವನು ಅವರನ್ನು ಕಂಡು ಖುಷಿಯಿಂದ ಪಕ್ಕಕ್ಕೆ ಸರಿದ. “ಯಜಮಾನರೇ ಬಂದ ಮೇಲೆ ನನ್ನದೇನು? ನಾನು ಮಣ್ಣು ಹೊರ್ತೀನಿ” ಎಂದು ಮಂಕರಿ ಎತ್ತಿಕೊಂಡು ಅತ್ತ ಹೋದ.

ತಮ್ಮ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅಣ್ಣನ ಬಲಗೈ ಹಿಡಿದ. ಅದು ತಣ್ಣಗಿತ್ತು. ಒತ್ತಿದರೆ ತಿರುಗಿ ಒತ್ತಲಿಲ್ಲ. ಕಟ್ಟಿನ ಪ್ರಕಾರ ಹೇಳಬೇಕಾದ ಮಾತನ್ನು ಹೇಳಲು ಅದೇ ಹೊತ್ತು. ಹೇಳಿದರೆ ಅಣ್ಣ ಮನೆಗೆ ಹೋಗಿ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಇನ್ನೊಮ್ಮೆ ಇತ್ತ ಹೊರಳುವುದಿಲ್ಲ. ತಮ್ಮ ಒಂದು ಉಪಾಯ ಮಾಡಿದ. ಬಾವಿಯ ಗೋಡೆಯಲ್ಲಿ ಕಾಲಿಡಲು ಕಲ್ಲುಗಳು ಚಾಚಿಕೊಂಡಿದ್ದವು. ಹಗ್ಗದ ಮೇಲೆ ಭಾರ ಬಿಡದೆ ಕಲ್ಲು ಹಿಡಿದೇ ಇಳಿದರಾಯಿತು. ಅಣ್ಣ ಬರೀ ಹಗ್ಗ ಹಿಡಿದ ಹಾಗೆ ನಿಂತಿರಲಿ ಎಂದುಕೊಂಡ.

ಅಣ್ಣನ ಕೈಯನ್ನು ಕಣ್ಣಿಗೊತ್ತಿಕೊಂಡ. ಇಳಿದ.

ಮೂರಾಳು ಆಳದವರೆಗೆ ಉಪಾಯ ನಡೆಯಿತು. ಅಲ್ಲಿಂದ ಕೆಳಗಿನ ಕಲ್ಲುಗಳಿಗೆ ಪಾಚಿ ಹಿಡಿದಿತ್ತು. ಕಾಲು ಜಾರಿತು. ಭಾರವೆಲ್ಲ ಹಗ್ಗಕ್ಕೆ ಬಂತು. ಹಗ್ಗ ನಿಲ್ಲಲಿಲ್ಲ.

ತಮ್ಮ ಸಾಯಲಿಲ್ಲ. ಸೊಂಟ ಮುರಿಯಿತು. ಕೂಲಿಯವನು ಊರವರನ್ನು ಕೂಗಿ ಸೇರಿಸಿ ಮೇಲೆ ಎತ್ತಿಸಿದ. ಆಸ್ಪತ್ರೆಗೆ ಹಾಕಿದರು.

ಊರಿನಲ್ಲಿ ಮಾತು ಶುರುವಾಯಿತು. “ಕೈ ಸರಿಯಾಗಿತ್ತಲ್ಲ. ನಾವೇ ಕಣ್ಣಾರೆ ಕಂಡಿದ್ದೀವಿ. ಮತ್ತೆ ಹಗ್ಗ ಹೇಗೆ ಬಿಟ್ಟ?” ಒಬ್ಬರು ಇದನ್ನು ಕೇಳಿದರು. ಇನ್ನೊಬ್ಬರು ಉತ್ತರ ಕೊಟ್ಟರು. “ಅಣ್ಣತಮ್ಮಂದಿರ ಹೊಟ್ಟೆಯೊಳಗೆ ಏನಿರುತ್ತೋ, ಯಾರು ಕಂಡೋರು?” ಮೂರನೆಯವರು ಇಲ್ಲದ ಜಗಳವೊಂದನ್ನು ನೆನಪು ಮಾಡಿಕೊಂಡರು.

ಅಣ್ಣ ಆಸ್ಪತ್ರೆಗೆ ಬಂದ. ತಮ್ಮನ ಮಂಚದ ಕಾಲದೆಸೆಯಲ್ಲಿ ನಿಂತ. ತನ್ನ ಬಲಗೈಯನ್ನೇ ನೋಡುತ್ತಿದ್ದ.

“ನನ್ನ ಕೈ ಬಂದಿತ್ತು ಅಲ್ವೇನೋ?” ಎಂದು ಕೇಳಿದ.

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅಣ್ಣ ನಿರಪರಾಧಿ. ಆದರೆ ಆ ಮಾತು ಹೇಳಿದರೆ ಅಪರಾಧಿ ತಮ್ಮ. ಅಣ್ಣನ ಮನಸ್ಸು ಉಳಿಸಬೇಕೆಂದು ತಮ್ಮ ತನಗೆ ತಾನೇ ಹೇಳಿಕೊಂಡ.

“ಬಂದಿತ್ತು ಅಣ್ಣ. ಹಗ್ಗ ಒದ್ದೆಯಿತ್ತು, ಅದಕ್ಕೇ ಜಾರಿತು” ಎಂದ.

ಹಗ್ಗವನ್ನು ಬಿಸಿಲಿನಿಂದ ತೆಗೆದು ಸುತ್ತಿ ತಂದವನು ಅಣ್ಣನೇ. ಅದು ಕಡ್ಡಿಯಂತೆ ಒಣಗಿತ್ತು.

“ಹಾಗಾದ್ರೆ ನಾನೇ ಬಿಟ್ಟೆ” ಎಂದ ಅಣ್ಣ. “ನೀನು ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯ.”

ತಮ್ಮ ಕಣ್ಣು ಮುಚ್ಚಿಕೊಂಡ. ಅಣ್ಣ ಅವನ ಹೊದಿಕೆಯನ್ನು ಎಡಗೈಯಿಂದ ಸರಿ ಮಾಡಿ ಹೊರಟುಹೋದ. ಮೂರನೆಯ ದಿನ ಅದೇ ಬಾವಿಗೆ ಹಗ್ಗವಿಲ್ಲದೆ ಇಳಿದ.

ತಪ್ಪು ಮಾಡಿದ್ದಕ್ಕೇ ಹಾಗೆ ಮಾಡಿಕೊಂಡ ಎಂದು ಊರು ತೀರ್ಪು ಕೊಟ್ಟಿತು. ತಿಥಿಗೆ ಜನ ಬರಲಿಲ್ಲ. ತಮ್ಮನನ್ನು ಇಬ್ಬರು ಹೊತ್ತು ತಂದು ಗೋಡೆಗೆ ಒರಗಿಸಿ ಕೂರಿಸಿದರು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಡೆಯ ಮುಂದೆ ಇಟ್ಟರು. ಬೀಡಿ ಕಟ್ಟು ಇಟ್ಟರು, ಕಡಲೆ ಇಟ್ಟರು. ಅತ್ತಿಗೆ ಎದ್ದು ಹೋಗಿ ಆ ಎರಡನೆಯ ಕೈಯನ್ನು ಸೆರಗಿನಲ್ಲಿ ಒರೆಸಿ ತಂದು ಎಲೆಯ ಪಕ್ಕದಲ್ಲಿ ಇಟ್ಟಳು. “ಕಡೆಗಾಲದಲ್ಲಿ ಅವರಿಗೆ ಸುಖ ಕೊಟ್ಟಿದ್ದು ಇದೊಂದೇ” ಎಂದಳು.

ಆಮೇಲೆ ಮೈದುನನ ಹತ್ತಿರ ಬಂದು ಕೂತಳು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು.

“ನಿಜ ಹೇಳಪ್ಪ. ಬೇಕಂತಲೇ ಬಿಟ್ಟರಾ ಅವರು?”

ತಮ್ಮ ಎಲೆ ನೋಡುತ್ತ ಕೂತ. ಅವಳು ಸ್ವಲ್ಪ ಹೊತ್ತು ಕಾದಳು. ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನದಿಂದ ಗಂಡನ ಹೆಸರು ಎತ್ತಲಿಲ್ಲ. ಕೋಲೂರಿ ನಾಲ್ಕು ಹೆಜ್ಜೆ ಇಡುವಂತಾದ ಕೂಡಲೇ ತಮ್ಮ ಊರು ಬಿಟ್ಟ.

ಗುರು ಮಾತು ನಿಲ್ಲಿಸಿದರು.

ಶಿಷ್ಯ ಕಾದು ನೋಡಿದ.

“ಎಂಥ ಮನುಷ್ಯ ಗುರುಗಳೇ! ಆ ಹೆಂಗಸಿಗೂ ಹೇಳಲಿಲ್ಲ. ಆಮೇಲಾದರೂ ಅವನು ಆ ನಿಜವನ್ನು ಯಾರಿಗಾದರೂ ಹೇಳಿದನೇ?”

“ಇವತ್ತು ಹೇಳಿದ” ಎಂದರು ಗುರು.