ಯಾರೂ ಕೊಳ್ಳದೆ ಮಾರಿಹೋದ ಕಾರುಗಳು

ರಾಣೆಬೆನ್ನೂರಿನ ಹೆದ್ದಾರಿ ಪಕ್ಕ ಒಂದು ಕಾರಿನ ಶೋರೂಮು. ಅದರ ಮ್ಯಾನೇಜರ್ ಗುರುಸಿದ್ದಪ್ಪ ಹಳ್ಳಿಕೇರಿ ಮಾತಿನ ಮಲ್ಲ. ಪೆಟ್ರೋಲ್ ಕಾರಾದರೆ ನಿಂತ ನಿಲುವಿನಲ್ಲೇ ಮಾರಿಬಿಡುತ್ತಿದ್ದ. ಆದರೆ ಈಗ ಕಂಪನಿಗೆ ಕರೆಂಟ್ ಕಾರಿನದೇ ಹುಚ್ಚು. ಜನರಿಗೂ ಆಸೆಯೇನೋ ಇತ್ತು. ಬರುತ್ತಿದ್ದರು, ಒಳಗೆ ಕೂತು ನೋಡುತ್ತಿದ್ದರು, "ದಾರಿಯೊಳಗ ಚಾರ್ಜ್ ಮುಗದ್ರ ಏನ್ ಮಾಡೂದ್ರೀ?" ಎಂದು ಕೇಳುತ್ತಿದ್ದರು. ಕೂತು ಬಿಡಿಸಿ ಹೇಳುವ ತಾಳ್ಮೆ ಗುರುಸಿದ್ದಪ್ಪನಿಗೆಲ್ಲಿ? ಅವರು ಪೆಟ್ರೋಲ್ ಕಾರನ್ನೇ ಕೊಂಡು ಹೋಗುತ್ತಿದ್ದರು.

ತಿಂಗಳ ಕೊನೆಗೆ ಕಂಪನಿಯ ಫೋನು ಬಂತು. "ಪಕ್ಕದ ಜಿಲ್ಲೆಯಲ್ಲಿ ಕರೆಂಟ್ ಕಾರು ಭರ್ಜರಿಯಾಗಿ ಹೋಗ್ತಿವೆ. ನಿಮ್ಮಲ್ಲಿ ಹೀಗೇ ಆದರೆ ನಾವು ಬೇರೆ ಮ್ಯಾನೇಜರ್ ನೋಡ್ಕೋಬೇಕಾಗುತ್ತೆ."

ಕೆಲಸ ಹೋದರೆ ಊರಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ? ಗುರುಸಿದ್ದಪ್ಪ ಹಳೇ ಗಿರಾಕಿಗಳಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರ ಅಡ್ಡಹೆಸರು ಜೋಡಿಸಿ 'ವೃಷಭೇಂದ್ರ ಕಮ್ಮಾರ' ಎಂಬ ಗಿರಾಕಿಯನ್ನು ಹುಟ್ಟಿಸಿದ. ಅವನಿಗೊಂದು ಕರೆಂಟ್ ಕಾರು ಮಾರಾಟವಾಯಿತೆಂದು ಕಂಪನಿಗೆ ತಿಳಿಸಿ, ಅದನ್ನು ಹಿಂದಿನ ಶೆಡ್ಡಿಗೆ ನೂಕಿಸಿ ಬಟ್ಟೆ ಹೊದಿಸಿದ.

ಮುಂದಿನ ತಿಂಗಳು ಅಂಥ ಇನ್ನಷ್ಟು ಹೆಸರುಗಳು ಹುಟ್ಟಿದವು. ಕೌಂಟರಿನ ತಬಸ್ಸುಮ್ ತಡೆಯಲಾರದೆ ಕೇಳಿದಳು: "ಸರ್, ಈ ಹೆಸರಿನೋರು ಯಾರೂ ಇಲ್ಲಲ್ರೀ?"

"ಇಲ್ಲದವರು ಬಂದು ತಕರಾರು ಮಾಡೂದಿಲ್ಲವ್ವಾ, ಅದಕ್ಕ ಅವರ ಚಲೋ ಗಿರಾಕಿ!" ಎಂದು ಅವನು ನಕ್ಕ.

ಕಂಪನಿ ಶಾಲು ಹೊದಿಸಿ ಸನ್ಮಾನಿಸಿತು. ಈ ಊರಲ್ಲಿ ಭಾರಿ ಬೇಡಿಕೆ ಇದೆಯೆಂದು ಇನ್ನೂ ಹೆಚ್ಚು ಕಾರು ಕಳಿಸಿತು. ಹೊಸ ಹೆಸರು ಹೊಳೆಯದೆ ಹೋದಾಗ, ಉಳಿದ ಕೊನೆಯ ಕಾರಿನ ಗಿರಾಕಿಯೆಂದು ಗುರುಸಿದ್ದಪ್ಪ ತನ್ನ ಹೆಸರನ್ನೇ ಬರೆದ.

ಮರುದಿನ ಮಟಮಟ ಮಧ್ಯಾಹ್ನ ಒಬ್ಬ ಬಿಳಿ ಅಂಗಿಯವನು ಒಳಗೆ ಬಂದ. "ನಾ ವೃಷಭೇಂದ್ರ ಕಮ್ಮಾರ. ನನ್ನ ಗಾಡಿ ತಯಾರೈತೇನ್ರಿ?"

ಗುರುಸಿದ್ದಪ್ಪ ಅವನನ್ನೇ ದಿಟ್ಟಿಸಿದ. ಬಂದವನ ಮುಖ ನೋಡಿ ಕಣ್ಣು ಹೊರಳಿಸಿದರೆ ಸಾಕು, ಅದು ಹೇಗಿತ್ತೆಂಬುದೇ ಮರೆತುಹೋಗುತ್ತಿತ್ತು. ಇಂಥವನು ಇಲ್ಲ ಎಂದರೆ ತನ್ನ ಸುಳ್ಳು ಬಯಲಾಗುತ್ತದೆ. ಅವನು ಶೆಡ್ಡಿನಿಂದ ಕಾರು ತರಿಸಿ ಹಾರ ಹಾಕಿಸಿದ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಿಸಿದ, ಕೀಲಿ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರು ಸದ್ದಿಲ್ಲದೆ ಹೊರಟುಹೋಯಿತು. ಗಾಲಿ ಮೇಲೆ ಹಾದುಹೋದರೂ ನಿಂಬೆಹಣ್ಣು ಮಾತ್ರ ಒಡೆಯದೆ ಹಾಗೇ ಬಿದ್ದಿತ್ತು.

ಅವನ ಹಿಂದೆಯೇ ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬಳು. ಗುರುಸಿದ್ದಪ್ಪ ಹುಟ್ಟಿಸಿದ ಹೆಸರುಗಳೆಲ್ಲ ಕಾಲು ಮೂಡಿಸಿಕೊಂಡು ಬಂದವು. ಅವನು ಒಬ್ಬೊಬ್ಬರಿಗೂ ಕೀಲಿ ಕೊಟ್ಟ. ಸಂಜೆಯ ಹೊತ್ತಿಗೆ ಶೆಡ್ಡು ಖಾಲಿಯಾಗುತ್ತ ಬಂದಾಗ ಆಸಾಮಿಗೆ ಒಳಗೊಳಗೇ ಖುಷಿಯೂ ಆಯಿತು. ಪೀಡೆ ತೊಲಗಿತಲ್ಲ!

ಕೊನೆಗೆ ಒಬ್ಬ ಬಂದ. ಗುರುಸಿದ್ದಪ್ಪನದೇ ಬೋಳು ನೆತ್ತಿ, ಅದೇ ನಡಿಗೆ, ಅದೇ ಕೆಮ್ಮು.

"ನಾ ಗುರುಸಿದ್ದಪ್ಪ ಹಳ್ಳಿಕೇರಿ. ನನ್ನ ಗಾಡಿ ಕೊಡ್ರಿ."

ತಬಸ್ಸುಮ್ ಕೈಯಲ್ಲಿದ್ದ ಹಾರವನ್ನು ಹಿಂದಕ್ಕೆ ಸರಿಸಿದಳು. "ಸರ್, ಇವರು ಯಾರ್ರೀ? ನೀವು ಹೇಳ್ರಿ, ಹೊರಗ ಕಳಸ್ತೀನಿ."

ಇವನು ಸುಳ್ಳು, ನಾನೇ ಹುಟ್ಟಿಸಿದ್ದು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮಾತು ತುಟಿಯವರೆಗೂ ಬಂತು. ಅಷ್ಟರಲ್ಲಿ ಕಂಪನಿಯ ಫೋನು. "ಎಲ್ಲ ಕಾರು ಹೋದವಾ? ಶಹಬ್ಬಾಸ್! ಇನ್ನು ಇಡೀ ಉತ್ತರ ಕರ್ನಾಟಕಕ್ಕೆ ನೀವೇ ಮುಖ್ಯಸ್ಥರು."

"ಹೂಂ ಸರ್, ಎಲ್ಲ ಹೋದವು," ಎಂದು ಮಾತು ನುಂಗಿಕೊಂಡು, ಗುರುಸಿದ್ದಪ್ಪ ಕೊನೆಯ ಕೀಲಿಯನ್ನೂ ಕೊಟ್ಟುಬಿಟ್ಟ.

ಸಂತೋಷದ ಸುದ್ದಿ ಹೇಳಲು ಹೆಂಡತಿ ಗಿರಿಜಾಗೆ ಫೋನು ಮಾಡಿದ. ಆಕೆ ಅವಸರದಲ್ಲಿದ್ದಳು. "ನಮ್ಮನಿಯವರು ಈಗಷ್ಟ ಹೊಸಾ ಗಾಡಿ ತಗೊಂಡು ಬಂದಾರ್ರೀ, ಆರತಿ ಮಾಡಾಕತ್ತೀನಿ. ನೀವು ಯಾರು?"

ಫೋನು ಕಟ್ಟಾಯಿತು. ಅವನು ತಿರುಗಿದ. ಎದುರಿಗೆ ತಬಸ್ಸುಮ್ ಹೊಸ ಗಿರಾಕಿಗಳಿಗೆ ನಗುವ ಹಾಗೆ ನಗುತ್ತ ನಿಂತಿದ್ದಳು.

"ಬರ್ರಿ ಸರ್, ಯಾವ ಗಾಡಿ ನೋಡ್ತೀರಿ? ತಮ್ಮ ಹೆಸರೇನ್ರಿ?"

ಅವನು ಬಾಯಿ ತೆರೆದ. ಎಷ್ಟು ನೆನಪಿಸಿಕೊಂಡರೂ ಒಂದು ಹೆಸರೂ ಬರಲಿಲ್ಲ.

ನೀತಿ: ಇಲ್ಲದ್ದನ್ನು ಇದೆಯೆಂದು ತೋರಿಸಿ ಗೆದ್ದವನು ಕೊನೆಗೆ ತಾನೇ ಇಲ್ಲವಾಗುತ್ತಾನೆ. ಹೊಸದಕ್ಕೆ ಜನ ಅಂಜಿದರೆ ಪಕ್ಕ ಕೂತು ಅವರ ಅಂಜಿಕೆ ಬಿಡಿಸಬೇಕು. ಲೆಕ್ಕ ತುಂಬಿಸಲು ಸುಳ್ಳು ಜನರನ್ನು ಹುಟ್ಟಿಸಬಾರದು.