ಗೋಧಿಯೋ, ಗಂಧವೋ, ಕೆನೆಯೋ

ಹೊಳೆದಂಡೆಯ ಆಶ್ರಮ ಅಂದರೆ ಏನೋ ಮಹಾ ಅಂದುಕೊಳ್ಳಬೇಡಿ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಜಗಲಿ. ಕೋಣೆಯಲ್ಲಿ ಗುರು ಪಂಪಯ್ಯನವರು ಇರುತ್ತಿದ್ದರು. ಅಡುಗೆಮನೆಯ ಒಲೆ ಪಕ್ಕ ಶಿಷ್ಯ ವಿರುಪಣ್ಣ ಮಲಗುತ್ತಿದ್ದ.

ಆ ವರ್ಷ ಮಳೆ ಕುಡಿದ ಗೋಡೆ ಚಳಿಗಾಲಕ್ಕೆ ಹಕ್ಕಳೆ ಎದ್ದು, ಸುಣ್ಣವೆಲ್ಲ ಗುರುಗಳ ಮೈಮೇಲೆ ಉದುರತೊಡಗಿತು. ಅವರು ಚಾಪೆ ಸುತ್ತಿಕೊಂಡು ಜಗಲಿಗೆ ಬಂದರು. ಅಡುಗೆಮನೆಯ ಹೊಗೆ ಅವರಿಗೆ ಆಗುತ್ತಿರಲಿಲ್ಲ.

"ವಿರುಪಣ್ಣಾ, ಒಳಗೋಡೆಗೆ ಒಂದು ಬಣ್ಣ ನೋಡಿ ಬಳಿಸಿಬಿಡಪ್ಪಾ. ಆಮೇಲೆ ಒಳಗೆ ಹೋಗ್ತೀನಿ."

ಇಷ್ಟೇ ಹೇಳಿದ್ದು. ನೀವಾಗಿದ್ದರೆ, ನಾನಾಗಿದ್ದರೆ, ಹೂಂ ಅಂದು ಬಳಿಸಿಬಿಡುತ್ತಿದ್ದೆವು. ವಿರುಪಣ್ಣನ ಕಿವಿ ನೆಟ್ಟಗಾಯಿತು.

ಅವನು ಆಶ್ರಮಕ್ಕೆ ಬಂದು ಒಂಬತ್ತು ವರ್ಷ. ಇನ್ನೂ ಉಪದೇಶವಾಗಿರಲಿಲ್ಲ. ಅವನಿಗಿಂತ ಮುಂಚೆ ಇದ್ದ ಶಿಷ್ಯನಿಗೆ ಗುರುಗಳು ಒಂದು ದಿನ "ಬಾಗಿಲು ಹಾಕು" ಅಂದರಂತೆ. ಅವನು ಎದ್ದು ಬಾಗಿಲು ಹಾಕಿದನಂತೆ, ಅಗುಳಿ ಬೀಳುವಷ್ಟರಲ್ಲಿ ಜ್ಞಾನೋದಯವೇ ಆಗಿಹೋಯಿತಂತೆ. ಊರಲ್ಲೆಲ್ಲ ಇದೇ ಸುದ್ದಿ.

ಅದನ್ನು ಕೇಳಿದಂದಿನಿಂದ ವಿರುಪಣ್ಣನಿಗೆ ಗುರುಗಳ ಯಾವ ಮಾತೂ ಬರೀ ಮಾತಾಗಿ ಕೇಳಿಸದು. ಉಪ್ಪು ಕೊಡು ಅಂದರೂ ಉಪ್ಪಿನೊಳಗೆ ಏನೋ ಇದೆ ಅಂತ ಗುಮಾನಿ. ಬಣ್ಣ ನೋಡು ಅಂದದ್ದು ಪರೀಕ್ಷೆಯೇ, ಅನುಮಾನವೇ ಇಲ್ಲ ಅಂದುಕೊಂಡ. ಈ ಸಲ ತಪ್ಪಿದರೆ ಮುಗಿಯಿತು.

ಸುಣ್ಣ ಬಳಿಯುವ ಸುಂಕಮ್ಮ ಬಂದಳು. ಸುಣ್ಣಕ್ಕೆ ಮೂರು ತರದ ಮಣ್ಣು ಬೆರೆಸಿ ಮೂರು ಬಟ್ಟಲಲ್ಲಿಟ್ಟಳು.

"ಇದು ಗೋಧಿ ಬಣ್ಣ. ಇದು ಗಂಧ. ಇದು ಕೆನೆ. ಯಾವುದು ಬಳೀಲಿ ಹೇಳ್ರಿ."

ವಿರುಪಣ್ಣ ಬಗ್ಗಿ ನೋಡಿದ. ಎದ್ದು ನಿಂತು ನೋಡಿದ. ಒಂದು ಕಣ್ಣು ಮುಚ್ಚಿಕೊಂಡೂ ನೋಡಿದ.

"ಮೂರೂ ಒಂದೇ ಅಲ್ಲೇನಮ್ಮಾ?"

"ಒಂದ ಅಂದ್ರ ಒಂದ, ಬ್ಯಾರೆ ಅಂದ್ರ ಬ್ಯಾರೆ," ಅಂದಳು ಸುಂಕಮ್ಮ, ಎಲೆಗೆ ಸುಣ್ಣ ಸವರಿಕೊಳ್ಳುತ್ತಾ.

ವಿರುಪಣ್ಣನಿಗೆ ಗೊತ್ತಾಗಿಹೋಯಿತು. ಇವಳಿಗೂ ಗುರುಗಳು ಹೇಳಿಕೊಟ್ಟು ಕಳಿಸಿದ್ದಾರೆ!

ಜಗಲಿಗೆ ಓಡಿದ.

"ಗುರುಗಳೇ, ಗೋಧಿಯೋ, ಗಂಧವೋ, ಕೆನೆಯೋ?"

"ಯಾವುದಾದರೂ ಆದೀತು," ಅಂದು ಗುರುಗಳು ಎರಡು ಸಲ ಕೆಮ್ಮಿದರು.

ಎರಡು ಸಲ. ಅಂದರೆ ಎರಡನೆಯ ಬಟ್ಟಲು, ಗಂಧ! ಕುಣಿಯುತ್ತಾ ವಾಪಸು ಹೊರಟ. ಅರ್ಧ ದಾರಿಯಲ್ಲಿ ನಿಂತ. ಇಷ್ಟು ಸುಲಭವಾಗಿ ಹೇಳಿಬಿಡುತ್ತಾರೆಯೇ? ಗಂಧ ಅಂತ ನಂಬಿಸಿ ನೋಡುತ್ತಿರಬಹುದು. ಮರುದಿನ ಮತ್ತೆ ಕೇಳಿದ. ಗುರುಗಳು ಮತ್ತೆ ಯಾವುದಾದರೂ ಆದೀತು ಅಂದರು, ಈ ಸಲ ನಾಲ್ಕು ಬಾರಿ ಕೆಮ್ಮಿದರು.

ನಾಲ್ಕನೆಯ ಬಟ್ಟಲೇ ಇರಲಿಲ್ಲ. ಆ ಇಲ್ಲದ ಬಣ್ಣದ ಮೇಲೆ ಎರಡು ದಿನ ಧ್ಯಾನ ಮಾಡಿದ, ಪುಣ್ಯಾತ್ಮ.

ಸುಂಕಮ್ಮ ಬೇಸತ್ತು ಗೋಡೆಯ ಮೇಲೆ ಮೂರು ಬಣ್ಣವನ್ನೂ ಅಂಗೈಯಗಲ ಬಳಿದು ತೋರಿಸಿದಳು. ಬೆಳಿಗ್ಗೆ ವಿರುಪಣ್ಣ ಬಂದು ನೋಡಿದರೆ ಮೂರೂ ನಿನ್ನೆಯ ಹಾಗಿಲ್ಲ.

"ಯಾರು ಬದಲಾಯಿಸಿದರು? ನಿಜ ಹೇಳು. ಗುರುಗಳು ಹೇಳಿದರಾ?"

"ಯಪ್ಪಾ, ನಿಮಗ ಏನಾಗ್ಯದ? ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮ್ಯಾಲ ಒಂದು ಬಣ್ಣ. ಸುಣ್ಣ ಅಂದ್ರ ಹಂಗ. ಮೊಸರಾಗ ಕಲ್ಲು ಹುಡುಕಬ್ಯಾಡ್ರಿ."

"ಹಸಿ ಇದ್ದಾಗ ಒಂದು, ಒಣಗಿದ ಮೇಲೆ ಒಂದು," ಅಂತ ವಿರುಪಣ್ಣ ಗೊಣಗಿಕೊಂಡ. ಎಂಥ ಮಾತು! ಒಂದಿಡೀ ಬೆಳಗು ಕಣ್ಣು ಮುಚ್ಚಿ ಅದನ್ನೇ ಜಪಿಸಿದ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೂ ಅನುಮಾನ ಬಂತು.

ಹೀಗೇ ಹತ್ತು ದಿನ ಹೋದವು. ಪುಷ್ಯ ಮಾಸದ ಗಾಳಿ ಹೊಳೆಯ ಮೇಲಿಂದ ನೇರ ಜಗಲಿಗೇ ನುಗ್ಗುತ್ತಿತ್ತು. ಗುರುಗಳು ಪಂಚೆಯ ಸೆರಗನ್ನು ಕಿವಿಗೆ ಸುತ್ತಿಕೊಂಡು ಮುದುಡಿ ಕೂತಿರುತ್ತಿದ್ದರು. ಗಂಟಲು ಕಟ್ಟಿ ಮಾತೂ ಕಡಿಮೆಯಾಗಿತ್ತು. ಮೌನದಿಂದ ಏನೋ ಸೂಚಿಸುತ್ತಿದ್ದಾರೆ ಅಂದುಕೊಂಡ ವಿರುಪಣ್ಣ.

ಹನ್ನೊಂದನೆಯ ದಿನ ಸುಂಕಮ್ಮ ಸೆರಗು ಬಿಗಿದು ನಿಂತಳು.

"ನಾಳಿಂದ ನನಗ ಬ್ಯಾರೆ ಊರಾಗ ಕೆಲಸ ಅದ. ಇವತ್ತು ಬಳಿ ಅಂದ್ರ ಬಳೀತೀನಿ, ಇಲ್ಲಾಂದ್ರ ಹೊಂಟೆ. ಅಲ್ರೀ, ಆ ಹಿರೇಜೀವ ಹೊರಗ ಗಡಗಡ ನಡಗಾಕತ್ತದ. ನಿಮಗ ಕಣ್ಣಿಲ್ಲೇನು?"

"ಅವರು ಸುಮ್ಮಸುಮ್ಮನೆ ನಡುಗುವವರಲ್ಲ," ಅಂದ ವಿರುಪಣ್ಣ.

 ಸುಂಕಮ್ಮ ಕೈಗೆ ಸಿಕ್ಕಿದ ಬಟ್ಟಲಿಗೆ ಕುಂಚ ಅದ್ದಿ ಗೋಡೆಯ ಕಡೆ ತಿರುಗಿದಳು. ವಿರುಪಣ್ಣ ಹಾರಿ ಬಂದು ಕುಂಚ ಕಿತ್ತುಕೊಂಡ.

"ಬೇಡ! ತಪ್ಪು ಬಣ್ಣ ಬಿದ್ದರೆ ನನ್ನ ಒಂಬತ್ತು ವರ್ಷ ಮಣ್ಣುಪಾಲು!"

ನಗಬೇಡಿ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಅಪ್ಪ ಅಮ್ಮ ಅತ್ತು ಕರೆದರೂ ತಿರುಗಿ ನೋಡದೆ ಬಂದವನು. ಈ ಗೋಡೆಯಲ್ಲಿ ಸೋತರೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಮೂರು ಬಟ್ಟಲನ್ನೂ ಎದೆಗವಚಿಕೊಂಡು, ಚೆಲ್ಲಿಕೊಳ್ಳುತ್ತಾ, ಜಗಲಿಗೆ ಓಡಿಬಂದು ಗುರುಗಳ ಮುಂದೆ ಕುಸಿದ.

"ಸೋತೆ ಗುರುಗಳೇ. ನನಗೆ ತಿಳಿಯಲಿಲ್ಲ. ಸರಿಯಾದದ್ದು ಯಾವುದು ನೀವೇ ಹೇಳಿ."

ಗುರುಗಳ ಕಣ್ಣುಗಳು ಕೆಂಪಾಗಿದ್ದವು. ಬಟ್ಟಲುಗಳನ್ನು ಒಂದೊಂದಾಗಿ ನೋಡಿದರು.

"ಮೂರೂ ಚೆನ್ನಾಗಿವೆಯಲ್ಲೋ."

"ಹಾಗಲ್ಲ. ಪರೀಕ್ಷೆಗೆ ಯಾವುದು ಸರಿ ಅಂತ..."

"ಯಾವ ಪರೀಕ್ಷೆ?"

ಹೀಗೆ ಕೇಳುವುದೂ ಪರೀಕ್ಷೆಯೇ ಇರಬೇಕು ಅಂದುಕೊಂಡ ವಿರುಪಣ್ಣ.

ಗುರುಗಳು ಕೈ ಚಾಚಿ ಅವನ ಕೈ ಹಿಡಿದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ಹಾಗೆ ಹಿಡಿದಿರಲಿಲ್ಲ. ಕೈ ಕೆಂಡದಂತೆ ಸುಡುತ್ತಿತ್ತು. ವಿರುಪಣ್ಣನ ಮೈಯೆಲ್ಲ ಜುಮ್ಮೆಂದಿತು. ಬಂತು, ಕಡೆಗೂ ಆ ಗಳಿಗೆ ಬಂತು! ಕಣ್ಣಲ್ಲಿ ನೀರು ತುಂಬಿಕೊಂಡು ಗುರುಗಳ ಬಾಯಿಯ ಬಳಿ ಕಿವಿ ಒಯ್ದ.

"ವಿರುಪಣ್ಣಾ," ಅಂದರು ಗುರುಗಳು, "ನನಗೆ ಚಳಿ."

"ಚಳಿ," ಅಂದ ವಿರುಪಣ್ಣ, ಕಣ್ಣು ಮುಚ್ಚಿ. "ಚಳಿ... ಚಳಿ..."

ಮೂರು ಸಲ ಅಂದ. ಮತ್ತೆ ಒಳಗೆ ಏನೋ ಕೊರೆಯಿತು. ಮೆಲ್ಲಗೆ ಕಣ್ಣು ಬಿಟ್ಟು, ಇನ್ನೂ ಹತ್ತಿರ ಬಾಗಿ ಕೇಳಿದ.

"ಅದರ ಒಳಾರ್ಥ ಏನು, ಗುರುಗಳೇ?"

"ಕಂಬಳಿ ತಾ ಅಂತ."