ಬೆರಳ ಕೆಳಗಿನ ನಾಡಿ

“ಗುರುಗಳೇ, ಓದಲು ಕುಳಿತರೂ ಧ್ಯಾನಕ್ಕೆ ಕುಳಿತರೂ ಮನಸ್ಸು ಮೊಬೈಲಿನತ್ತ ಓಡುತ್ತದೆ. ಕಳೆದುಹೋದ ಏಕಾಗ್ರತೆ ಮರಳಿ ಬರುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ. ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಾಡಿವೈದ್ಯನಿದ್ದ. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದನೆಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ತನ್ನ ಕೈಮೀರಿದ ಕಾಯಿಲೆಯಾದರೆ ಮುಚ್ಚಿಡದೆ ಹೇಳಿ, ಅದೇ ದಿನ ಪಟ್ಟಣದ ಆಸ್ಪತ್ರೆಗೆ ಕಳುಹಿಸುತ್ತಿದ್ದ. ಹಾಗೆ ಬದುಕಿಕೊಂಡವರು ಆ ಸೀಮೆಯಲ್ಲಿ ಹಲವರಿದ್ದರು.

ದೂರದ ರೋಗಿಗಳಿಗೆ ಅನುಕೂಲವಾಗಲೆಂದು ಅವನು ಮೊಬೈಲು ಕೊಂಡ. ಮೊದಮೊದಲು ರೋಗಿಗಳ ಕರೆ ಮಾತ್ರ ಬರುತ್ತಿತ್ತು. ಆಮೇಲೆ ಸುದ್ದಿ ಬಂತು, ಹಾಸ್ಯ ಬಂತು, ಕಂಡರಿಯದವರ ಜಗಳ ಬಂತು. ನಾಡಿ ಹಿಡಿದಾಗಲೂ ಅವನ ಕಣ್ಣು ತೊಡೆಯ ಮೇಲಿನ ಮೊಬೈಲಿನಲ್ಲಿರುತ್ತಿತ್ತು. ಇಷ್ಟು ವರ್ಷದ ಅನುಭವವಿದೆ, ಬೆರಳು ತನ್ನ ಕೆಲಸ ತಾನು ಮಾಡುತ್ತದೆ ಎಂದುಕೊಂಡ.

ಒಂದು ಬೆಳಿಗ್ಗೆ ಅವನ ಹೆಂಡತಿ, ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ ಎಂದು ಬಂದು ಕೈ ಚಾಚಿದಳು. ಅವನು ನಾಡಿ ಹಿಡಿದ. ಮೊಬೈಲು ಅದುರಿತು. ಅದನ್ನು ನೋಡುತ್ತಲೇ, ವಾಯು ಇರಬೇಕು, ಬಿಸಿನೀರು ಕುಡಿ ಎಂದ.

“ಇನ್ನೊಂದು ಸಲ ನೋಡಿ,” ಎಂದಳು ಅವಳು.

“ನೋಡಿದೆನಲ್ಲ,” ಎಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದಳು. ಮೂರನೆಯ ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು ಅಲ್ಲೇ ಕುಸಿದಳು. ಮತ್ತೆ ಏಳಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ವೈದ್ಯ ಮೊಬೈಲನ್ನು ಕಲ್ಲಿನಿಂದ ಜಜ್ಜಿ ಎಸೆದ. ಆದರೂ ಯಾರ ಕೈ ಹಿಡಿದರೂ ನಾಡಿಯ ಬದಲು ಆ ಅದುರುವಿಕೆಯೇ ಬೆರಳಿಗೆ ತಾಕುತ್ತಿತ್ತು. ನನ್ನ ಬೆರಳನ್ನು ನಂಬಬೇಡಿ ಎಂದು ಹೇಳಿ ಬಂದವರನ್ನೆಲ್ಲ ಹಿಂದಕ್ಕೆ ಕಳುಹಿಸಿದ. ದಿನವೂ ಗೋಡೆಯ ಕಡೆ ಮುಖ ಮಾಡಿ ಕುಳಿತು ತನ್ನ ನಾಡಿಯನ್ನೇ ಹಿಡಿಯುತ್ತಿದ್ದ. ಹತ್ತು ಬಡಿತ ಎಣಿಸುವಷ್ಟರಲ್ಲಿ ಮನಸ್ಸು ತಪ್ಪಿಹೋಗುತ್ತಿತ್ತು. ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಹೀಗೆ ನಾಲ್ಕು ವರ್ಷ ಕಳೆಯಿತು.

ಒಂದು ದಿನ ನೆರೆಮನೆಯ ಹೆಂಗಸು ಆಯಾಸವೆಂದು ಬಂದಳು. ಅವನು ಬೇಡವೆಂದರೂ ಕೇಳದೆ ಕೈ ಮುಂದಿಟ್ಟಳು. ಅವನು ಕಣ್ಣು ಮುಚ್ಚಿ ಬೆರಳಿಟ್ಟ. ಅದುರುವಿಕೆ ಇರಲಿಲ್ಲ. ನಾಡಿ ನಾಲ್ಕು ಹೆಜ್ಜೆ ನಡೆದು ಎಡವುತ್ತಿತ್ತು, ತಡೆದು ಮತ್ತೆ ನಡೆಯುತ್ತಿತ್ತು. ಆ ನಡೆ ಅವನಿಗೆ ಹೊಸದಾಗಿರಲಿಲ್ಲ. ಹೆಂಡತಿಯ ಕೈಯಲ್ಲಿ ಇದ್ದದ್ದು ಇದೇ ನಾಡಿ. ಅಂದು ಅದು ಬೆರಳಿಗೆ ತಾಕಿತ್ತು. ಅವನು ಮಾತ್ರ ಅಲ್ಲಿರಲಿಲ್ಲ.

ಅವನು ಆ ಹೆಂಗಸನ್ನು ಆಗಲೇ ಆಸ್ಪತ್ರೆಗೆ ಕಳುಹಿಸಿದ. ಅವಳು ಬದುಕಿದಳು. ಅವಳ ಗಂಡ ಬಂದು ಕಾಲು ಮುಟ್ಟಿ ನಮಸ್ಕರಿಸಿದಾಗ, ವೈದ್ಯ ಕಾಲನ್ನು ಹಿಂದಕ್ಕೆಳೆದುಕೊಂಡು, ಹಿತ್ತಲಿಗೆ ಹೋಗಿ ನಿಂತು ಅತ್ತ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾದಂತಿತ್ತು.

“ಹಾಗಾದರೆ ಏಕಾಗ್ರತೆ ಮರಳಿ ಬರುತ್ತದೆ, ಗುರುಗಳೇ,” ಎಂದ.

“ಬರುತ್ತದೆ,” ಎಂದರು ಗುರು, “ತಾನಿಲ್ಲದಾಗ ಏನು ಹೋಯಿತೆಂದು ತೋರಿಸುವುದಕ್ಕೆ ಬರುತ್ತದೆ.”